ಎಂಟು ಬೋಲ್ಟು, ಎಂಟು ನಟ್ಟು, ನಾಲ್ಕು ತಿಂಗಳ ಮಳೆ

ಕೊಡಗಿನಲ್ಲಿ ಸ್ಕೇಟ್‌ಬೋರ್ಡ್ ಓಡಿಸಲು ಕಾಫಿ ಕಣಕ್ಕಿಂತ ಒಳ್ಳೆಯ ನೆಲ ಹುಡುಕಿದರೂ ಸಿಗುವುದಿಲ್ಲ. ಆದರೆ ಮಳೆಗಾಲದಲ್ಲಿ ಅಲ್ಲಿ ಪಾಚಿ, ಕೊಯ್ಲಿನ ತಿಂಗಳುಗಳಲ್ಲಿ ಕಾಫಿ. ಹಾಗಾಗಿ ಜೂನ್‌ನಲ್ಲಿ ಮೂಲೆ ಸೇರಿದ ಬೋರ್ಡು ಎಷ್ಟೋ ಮನೆಗಳಲ್ಲಿ ಮತ್ತೆ ಹೊರಗೆ ಬರುವುದು ಅಕ್ಟೋಬರ್‌ನಲ್ಲಿ. ಆಗ ಎಲ್ಲರೂ ಚಕ್ರ ತಿರುಗಿಸಿ ನೋಡುತ್ತಾರೆ. ನೋಡಬೇಕಾದದ್ದು ಟ್ರಕ್ಕನ್ನು, ಅಂದರೆ ಚಕ್ರಗಳನ್ನು ಹೊತ್ತಿರುವ ಲೋಹದ ಅಚ್ಚಿನ ಜೋಡಣೆಯನ್ನು, ಹಲಗೆಗೆ ಹಿಡಿದಿರುವ ಬೋಲ್ಟುಗಳನ್ನು.

ಒಂದು ಟ್ರಕ್ಕಿಗೆ ನಾಲ್ಕರಂತೆ ಒಟ್ಟು ಎಂಟು. ಅಳತೆ 10-32: ಅಂದರೆ 10ನೇ ನಂಬರಿನ ಸ್ಕ್ರೂ, ಇಂಚಿಗೆ 32 ಎಳೆ (ಥ್ರೆಡ್), ದಪ್ಪ ಸುಮಾರು 4.83 ಮಿ.ಮೀ. ನಟ್ಟು ಒಳಗೆ ನೈಲಾನ್ ಬಳೆ ಇರುವ ಲಾಕ್‌ನಟ್, ಅದಕ್ಕೆ 3/8 ಇಂಚಿನ ಸ್ಪ್ಯಾನರ್. 10 ಮಿ.ಮೀ. ಸ್ಪ್ಯಾನರ್ ಕೂಡ ಕೂತಂತೆ ಕಾಣುತ್ತದೆ. ಆದರೆ ಅರ್ಧ ಮಿಲಿಮೀಟರ್ ಸಡಿಲ ಇರುವುದರಿಂದ ತುಕ್ಕು ಹಿಡಿದ ನಟ್ಟಿನ ಮೂಲೆಗಳನ್ನು ತಿಂದುಹಾಕುತ್ತದೆ.

ಇಲ್ಲಿ ನಿಜವಾಗಿ ಮೋಸ ಹೋಗುವುದು ಹಾರ್ಡ್‌ವೇರ್ ಅಂಗಡಿಯಲ್ಲಿ. ಒಂದು ಬೋಲ್ಟು ಕಳೆದರೆ ಮಡಿಕೇರಿಯಲ್ಲೋ ಗೋಣಿಕೊಪ್ಪದಲ್ಲೋ ಸುಲಭವಾಗಿ ಕೈಗೆ ಬರುವುದು ಮಿಲಿಮೀಟರ್ ಅಳತೆಯ ಎಂ5 ಬೋಲ್ಟು. ಅದರ ದಪ್ಪ 5 ಮಿ.ಮೀ., ಎಳೆಯಿಂದ ಎಳೆಗೆ 0.8 ಮಿ.ಮೀ. 10-32ರಲ್ಲಿ ಆ ಅಂತರ 0.79. ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಎಂ5 ನಟ್ಟು 10-32 ಬೋಲ್ಟಿನ ಮೇಲೆ ಸಲೀಸಾಗಿ ಏರುತ್ತದೆ, ಬಿಗಿಯಾಯಿತು ಅನ್ನಿಸುತ್ತದೆ, ಆದರೆ ಎಳೆಗಳು ಅರ್ಧಂಬರ್ಧ ಮಾತ್ರ ಕಚ್ಚಿರುತ್ತವೆ. ಕಾಲಿನ ಭಾರ ಬಿದ್ದು ನಡುಗತೊಡಗಿದರೆ ಜಾರುತ್ತದೆ. ಉಲ್ಟಾ, 10-32 ನಟ್ಟನ್ನು ಎಂ5 ಬೋಲ್ಟಿಗೆ ಬಲವಂತವಾಗಿ ಹಾಕಿದರೆ ಮಧ್ಯದಲ್ಲೇ ಕಚ್ಚಿಕೊಂಡು ಕೂರುತ್ತದೆ. ಎಂ5 ಹಾಕಲೇಬಾರದು ಅಂತಲ್ಲ. ಹಾಕುವುದಾದರೆ ಬೋಲ್ಟು, ನಟ್ಟು ಎರಡೂ ಎಂ5 ಆಗಿರಲಿ, ಎಂಟಕ್ಕೆ ಎಂಟೂ ಬದಲಾಗಲಿ. ಅದರ ನಟ್ಟಿಗೆ 8 ಮಿ.ಮೀ. ಸ್ಪ್ಯಾನರ್ ಬೇಕು. ತೂತಿನಲ್ಲಿ ತಡೆದರೆ ಸುತ್ತಿಗೆ ಎತ್ತಬೇಡಿ, ಹಲಗೆಯ ಕೆಳ ಪದರ ಸಿಡಿಯುತ್ತದೆ. 5.5ರ ಡ್ರಿಲ್ ಬಿಟ್ಟನ್ನು ಕೈಯಲ್ಲೇ ನಾಲ್ಕು ಸುತ್ತು ತಿರುಗಿಸಿದರೆ ಸಾಕು.

ಉದ್ದದ ಲೆಕ್ಕ ಹೀಗೆ. ಏಳು ಪದರದ ಮೇಪಲ್ ಹಲಗೆ ಸುಮಾರು 11 ಮಿ.ಮೀ., ಟ್ರಕ್ಕಿನ ಬೇಸ್‌ಪ್ಲೇಟ್ (ಹಲಗೆಗೆ ಒತ್ತಿ ಕೂರುವ ಲೋಹದ ತಟ್ಟೆ) 6ರ ಆಸುಪಾಸು, ನಟ್ಟು ಇನ್ನೊಂದು 6. ಒಟ್ಟು 23. ನೈಲಾನ್ ದಾಟಿ ಎರಡು ಎಳೆ ಹೊರಗೆ ಕಾಣಬೇಕು, ಅಲ್ಲಿಗೆ 1 ಇಂಚು ಸರಿಹೋಯಿತು. ತಲೆ ಹಲಗೆಯೊಳಗೆ ಕೂರುವ ಬೋಲ್ಟಾದ್ದರಿಂದ ತಲೆಯನ್ನೂ ಸೇರಿಸಿಯೇ ಅಳೆಯುವುದು. 7/8 ಇಂಚಿನದು ತೆಳು ಬೇಸ್‌ಪ್ಲೇಟಿಗೆ ಮಾತ್ರ. ಹಲಗೆಗೂ ಟ್ರಕ್ಕಿಗೂ ನಡುವೆ ಇಡುವ ರೈಸರ್ ಪ್ಯಾಡ್ 3 ಮಿ.ಮೀ. ಇದ್ದರೆ 1 1/8, 6 ಮಿ.ಮೀ. ಇದ್ದರೆ 1 1/4. ಬೋಲ್ಟಿನ ತುದಿ ನೈಲಾನಿನೊಳಗೇ ನಿಂತಿದ್ದರೆ ಆ ನಟ್ಟು ಲಾಕ್ ಆಗಿಲ್ಲ ಅಂತಲೇ ಲೆಕ್ಕ.

ಬಿಚ್ಚುವಾಗ ತಿರುಗಬೇಕಾದದ್ದು ನಟ್ಟು. ಮೇಲಿನ ತಲೆಯನ್ನು ಸ್ಕ್ರೂಡ್ರೈವರಿನಿಂದಲೋ ಅಲೆನ್ ಕೀಯಿಂದಲೋ ಹಿಡಿದುಕೊಂಡರೆ ಸಾಕು. ಅಲೆನ್ ತಲೆಯ ಗುಂಡಿಯಲ್ಲಿ ಕೆಂಪು ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಪಿನ್ನಿನಿಂದ ಕೆದಕಿ ತೆಗೆಯದೆ ಕೀ ಒತ್ತಿದರೆ ಅದು ಅರ್ಧಕ್ಕೇ ನಿಂತು ಅಂಚು ಸವೆಸುತ್ತದೆ. ಕೀ 1/8 ಇಂಚಿನದು, 3 ಮಿ.ಮೀ. ಅಲ್ಲ. ತುಕ್ಕು ಹೆಚ್ಚಿದ್ದರೆ ಹೊರಗೆ ಚಾಚಿದ ಎಳೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒಂದು ಹನಿ ಎಣ್ಣೆ ಬಿಟ್ಟು, ರಾತ್ರಿಯಿಡೀ ಬಿಡಿ. ತುಕ್ಕಿನ ಮೇಲೆಯೇ ಎಳೆದರೆ ಅದು ಗರಗಸದ ಹಾಗೆ ನೈಲಾನನ್ನು ಕೊಯ್ಯುತ್ತದೆ. ತಲೆ ಪೂರ್ತಿ ಸವೆದುಹೋಗಿದ್ದರೆ ನಟ್ಟಿನ ಪಕ್ಕವನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯುವುದೇ ದಾರಿ. ನಟ್ಟು ಹೋದರೆ ಹೋಗಲಿ, ಹಲಗೆ ಉಳಿಯುತ್ತದೆ.

ಹೊಸದು ಹಾಕುವಾಗ ಕಿಂಗ್‌ಪಿನ್‌ಗಳು (ಟ್ರಕ್ಕಿನ ನಡುವಿನ ದಪ್ಪ ಬೋಲ್ಟುಗಳು) ಬೋರ್ಡಿನ ನಡುವಿಗೆ ಮುಖ ಮಾಡಿವೆಯೇ ನೋಡಿ. ನಾಲ್ಕನ್ನೂ ಕೈಯಲ್ಲಿ ಹತ್ತಿಸಿ, ಆಮೇಲೆ ಕರ್ಣವಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಬೇಸ್‌ಪ್ಲೇಟ್ ಓರೆಯಾಗುತ್ತದೆ. ತಲೆ ಹಲಗೆಯ ಮೇಲೆ ಅಂಟಿಸಿದ ಒರಟು ಗ್ರಿಪ್ ಟೇಪಿನ ಸಮಕ್ಕೆ ಬಂದಾಗ ಕಾಲು ಸುತ್ತು ಇನ್ನು, ಅಷ್ಟೇ. ತಲೆ ಮರದೊಳಗೆ ಮುಳುಗಿ ಸುತ್ತ ಬಿರುಕು ಕಂಡರೆ ಬಿಗಿ ಜಾಸ್ತಿಯಾಗಿದೆ. ಆ ಬಿರುಕಿನಲ್ಲಿ ನೀರು ಇಳಿದರೆ ಪದರ ಬಿಡುವುದು ಅಲ್ಲಿಂದಲೇ.

ಯಾವ ಬೋಲ್ಟು? ಕಪ್ಪು ಬಣ್ಣದವು ನೋಡಲು ಚೆಂದ, ಆದರೆ ಬ್ಲ್ಯಾಕ್ ಆಕ್ಸೈಡ್ ಲೇಪ ನಮ್ಮ ತೇವಕ್ಕೆ ತಡೆಯುವುದಿಲ್ಲ. ಸತು ಲೇಪದ್ದು ಪರವಾಗಿಲ್ಲ. 304 ಸ್ಟೇನ್‌ಲೆಸ್ ಆದರೆ ತುಕ್ಕಿನ ಚಿಂತೆ ಹೆಚ್ಚುಕಡಿಮೆ ತಪ್ಪಿತು. ಒಂದು ತೊಂದರೆ: ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ವೇಗವಾಗಿ ತಿರುಗಿ ಬಿಸಿಯಾದರೆ ಎರಡೂ ಬೆಸೆದುಕೊಂಡು ಕೂತುಬಿಡುತ್ತವೆ. ಎಳೆಗೆ ಚೂರು ಗ್ರೀಸ್ ಸವರಿ, ಪವರ್ ಡ್ರೈವರ್ ಪಕ್ಕಕ್ಕಿಟ್ಟು, ಕೈಯಲ್ಲೇ ನಿಧಾನವಾಗಿ ತಿರುಗಿಸಿ.

ಹೊಸ ಬೋಲ್ಟು ಹಾಕಿದ ಮೊದಲ ದಿನ ಓಡಿಸಿದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಮರ ಅದುಮಿಕೊಂಡು ನಟ್ಟು ಸ್ವಲ್ಪ ಸಡಿಲವಾಗಿರುತ್ತದೆ. ಬೆರಳಲ್ಲೇ ಕೊನೆಯವರೆಗೂ ತಿರುಗುವ ಹಳೆಯ ಲಾಕ್‌ನಟ್ ಡಬ್ಬಿಗೆ ವಾಪಸ್ ಹಾಕಬೇಡಿ, ಎಸೆದುಬಿಡಿ.