ಹತ್ತನೇ ಪರ್ಮಿಟ್: ತಾಕ್ನಾದಿಂದ ಬರೆದದ್ದು

ತಾಕ್ನಾ, ಪೆರು. ಮಾರ್ಚ್ ಕೊನೆಯ ವಾರ.

ನಿನ್ನೆ ಮಧ್ಯಾಹ್ನ ಚಿಲಿಯ ಅರಿಕಾ ಬಿಟ್ಟು, ಸಾಂತಾ ರೋಸಾ ಗಡಿಠಾಣೆ ದಾಟಿ ಪೆರುವಿಗೆ ಬಂದೆವು. ನಾನು, ನಮ್ಮ ಭಾವ, ಎರಡು ಹಿಮಾಲಯನ್ ಬೈಕ್. ವಾಲ್ಪರೈಸೊ ಬಂದರಿನಲ್ಲಿ ಪೆಟ್ಟಿಗೆ ಒಡೆದು ಗಾಡಿ ಇಳಿಸಿದಾಗಿನಿಂದ ಇಲ್ಲಿಗೆ ಸುಮಾರು 11,000 ಕಿಲೋಮೀಟರ್ ಆಯಿತು. ಹೊರಗಿನ ಗಾಡಿಯನ್ನು ಸ್ವಲ್ಪ ಕಾಲಕ್ಕೆ ದೇಶದೊಳಗೆ ಬಿಡಲು ಕಸ್ಟಮ್ಸ್‌ನವರು ಕೊಡುವ ಕಾಗದವೇ ಪರ್ಮಿಟ್. ಗಾಡಿಗಳಿಗೆ ಸಿಕ್ಕಿದ ಪರ್ಮಿಟ್ ಇದು ಹತ್ತನೆಯದು. ಚಿಲಿಯವು ಐದು, ಅರ್ಜೆಂಟೀನಾದವು ನಾಲ್ಕು, ಪೆರುವಿನದು ಒಂದು.

ಹೋದ ಸಲ ಚೈನು, ಟೈರಿನ ಬಗ್ಗೆ ಬರೆದಿದ್ದೆ. ಈ ಸಲ ಪೂರ್ತಿ ಕಾಗದದ ಕತೆ. ಮೈಸೂರಿನಲ್ಲಿ ಕೂತು ಪ್ಲಾನ್ ಮಾಡುವಾಗ ನನಗೆ ಅತಿ ಕಡಿಮೆ ಗೊತ್ತಿದ್ದ ವಿಷಯವೇ ಇದು. ಮುಂದೆ ಯಾರಾದರೂ ಕೆಎ ನಂಬರ್ ಪ್ಲೇಟ್ ತಗೊಂಡು ಈ ಕಡೆ ಬಂದರೆ ಅವರಿಗೆ ಅನುಕೂಲವಾಗಲಿ.

ವಿಷಯ ಇಷ್ಟೇ. ಹೊರಗಿನ ಗಾಡಿ ಒಂದು ದೇಶದೊಳಗೆ ಬಂದರೆ ಅದು ಆಮದು. ಆಮದು ಅಂದಮೇಲೆ ಸುಂಕ ಕಟ್ಟಬೇಕು. ಆದರೆ ಪ್ರವಾಸಿಯ ಗಾಡಿ ವಾಪಸ್ ಹೋಗುತ್ತದೆ ಅಲ್ವಾ? ಅದಕ್ಕೇ ಇಷ್ಟು ದಿನ ಅಂತ ಗಡುವು ಹಾಕಿ ಸುಂಕವಿಲ್ಲದೆ ಒಳಗೆ ಬಿಡುತ್ತಾರೆ. ಇಲ್ಲೇ ಮಾರಿಬಿಟ್ಟರೆ ಅನ್ನುವುದು ಅವರ ಚಿಂತೆ. ಹಾಗಾಗಿ ಆ ಕಾಗದ ಗಾಡಿಯನ್ನೂ ಮನುಷ್ಯನನ್ನೂ ಒಟ್ಟಿಗೆ ಗಂಟು ಹಾಕುತ್ತದೆ: ಪಾಸ್‌ಪೋರ್ಟ್ ನಂಬರ್, ಪ್ಲೇಟ್ ನಂಬರ್, ಚಾಸಿ ನಂಬರ್. ಯಾರ ಹೆಸರಲ್ಲಿ ಒಳಗೆ ಬಂತೋ ಅವರೇ ಗಡುವಿನೊಳಗೆ ಹೊರಗೆ ತಗೊಂಡು ಹೋಗಬೇಕು.

ಇದಕ್ಕೆ ಕಾರ್ನೆ, ಅಂದರೆ ಗಾಡಿ ವಾಪಸ್ ಹೋಗುತ್ತದೆ ಅಂತ ಕಸ್ಟಮ್ಸ್‌ಗೆ ಖಾತ್ರಿ ಕೊಡುವ ಅಂತರರಾಷ್ಟ್ರೀಯ ದಾಖಲೆ ಪುಸ್ತಕ, ಬೇಕಾಗುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ದಕ್ಷಿಣ ಅಮೆರಿಕದಲ್ಲಿ ಬೇಕಿಲ್ಲ. ನಾವು ಮಾಡಿಸಿದ್ದು ಗಾಡಿ ನಮ್ಮ ದೇಶದಿಂದ ಹೊರಡುವಾಗ ಮತ್ತು ವಾಪಸ್ ಬರುವಾಗ ನಮ್ಮ ಕಸ್ಟಮ್ಸ್‌ಗೆ ತೋರಿಸಲು. ಇಲ್ಲಿ ಹತ್ತು ಪರ್ಮಿಟ್ ಮಾಡಿಸಿದರೂ ಒಬ್ಬರೂ ಅದನ್ನು ಕೇಳಲಿಲ್ಲ. ಪರ್ಮಿಟ್‌ಗೆ ದುಡ್ಡನ್ನೂ ಕೇಳಲಿಲ್ಲ.

ಗಡಿಯಲ್ಲಿ ಎರಡು ಕಿಟಕಿ ಇರುತ್ತವೆ. ಒಂದು ನಮಗೆ, ಇನ್ನೊಂದು ಗಾಡಿಗೆ. ಮೊದಲನೆಯದು ಇಮಿಗ್ರೇಶನ್, ಎರಡನೆಯದು ಕಸ್ಟಮ್ಸ್. ಸ್ಪ್ಯಾನಿಷ್‌ನಲ್ಲಿ ಕಸ್ಟಮ್ಸ್‌ಗೆ ‘ಅದುವಾನಾ’ ಅನ್ನುತ್ತಾರೆ. ಈ ಪದ ಅರಬ್ಬಿಯ ‘ದಿವಾನ್’ನಿಂದ ಬಂದದ್ದು. ನಮ್ಮ ಮೈಸೂರಿನ ದಿವಾನರ ದಿವಾನಗಿರಿಯೂ ಅದೇ ಬೇರಿನದು. ಇದು ಗೊತ್ತಾದ ದಿನದಿಂದ ಆ ಬೋರ್ಡ್ ಕಂಡಾಗಲೆಲ್ಲ ನನಗೆ ಏನೋ ಖುಷಿ.

ಈ ಎರಡು ಕಿಟಕಿಗಳ ಲೆಕ್ಕ ಬೇರೆ ಬೇರೆ. ಅರ್ಜೆಂಟೀನಾದಲ್ಲಿ ನಮಗೆ ಸಿಕ್ಕಿದ್ದು 90 ದಿನ, ಗಾಡಿಗೆ ಎಂಟು ತಿಂಗಳು. ಮೊದಲ ದಿನ ಮೆಂದೋಸಾದಲ್ಲಿ ಭಾವ ಆ ಕಾಗದ ನೋಡಿ ‘ಎಂಟು ತಿಂಗಳು ಆರಾಮಾಗಿ ಇರಬಹುದು ಕಣೋ’ ಅಂದರು. ಗಾಡಿ ಇರಬಹುದು ಭಾವ, ನಾವಲ್ಲ ಅಂದೆ. ಚಿಲಿಯಲ್ಲಿ ಗಾಡಿಗೂ 90 ದಿನ. ಪೆರುವಿನಲ್ಲಿ ಇದನ್ನು ಕೊಡುವುದು ಸುನಾಟ್ ಅನ್ನುವ ಇಲಾಖೆ. ನಮ್ಮ ಗಾಡಿಗಳಿಗೆ 90 ದಿನ ಕೊಟ್ಟಿದ್ದಾರೆ. ಇಲ್ಲಿ ಗಡುವು ಮೀರಿದರೆ ಗಾಡಿಯನ್ನೇ ಜಪ್ತಿ ಮಾಡಬಹುದು. ಹಾಗಾಗಿ ಕೊನೇ ದಿನಾಂಕವನ್ನು ಟ್ಯಾಂಕ್ ಬ್ಯಾಗಿನ ಪ್ಲಾಸ್ಟಿಕ್ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇವೆ.

ನಾಲ್ಕು ತಿಂಗಳಲ್ಲಿ ಹತ್ತು ಪರ್ಮಿಟ್ ಯಾಕೆ ಅಂತ ಮನೆಯಲ್ಲಿ ಕೇಳಿದರು. ಭೂಪಟ ನೋಡಿದರೆ ಗೊತ್ತಾಗುತ್ತದೆ. ಆಂಡಿಸ್‌ನ ಆಚೆ ಚಿಲಿ, ಈಚೆ ಅರ್ಜೆಂಟೀನಾ. ಒಳ್ಳೆ ರಸ್ತೆಗಳು ಎರಡೂ ಕಡೆ ಇವೆ. ವಾಲ್ಪರೈಸೊದಿಂದ 29 ತಿರುವಿನ ಘಾಟಿ ಹತ್ತಿ, ಸುರಂಗ ದಾಟಿ ಮೆಂದೋಸಾಗೆ ಬಂದೆವು. ಬಾರಿಲೋಚೆಯಿಂದ ಮತ್ತೆ ಚಿಲಿ, ಚಿಲೆ ಚಿಕೋದಿಂದ ಮತ್ತೆ ಅರ್ಜೆಂಟೀನಾ. ಆಮೇಲೆ ಉಶ್ವಾಯಾ. ಅದು ಅರ್ಜೆಂಟೀನಾದ್ದೇ ಊರು. ಆದರೆ ಅದೇ ದೇಶದ ರಿಯೊ ಗಾಯೆಗೋಸ್‌ನಿಂದ ರಸ್ತೆ ಹಿಡಿದು ಹೋಗಬೇಕಾದರೆ ಮಧ್ಯದಲ್ಲಿ ಚಿಲಿ ದಾಟಲೇಬೇಕು. ಮೆಗಲನ್ ಜಲಸಂಧಿಯನ್ನು ಫೆರಿಯಲ್ಲಿ ದಾಟುವ ಜಾಗ ಚಿಲಿಯಲ್ಲಿದೆ. ಹೋಗುವಾಗ ಎರಡು ಗಡಿ, ಬರುವಾಗ ಎರಡು ಗಡಿ. ಪ್ರತಿ ಸಲ ಹಳೇ ಪರ್ಮಿಟ್ ಮುಗಿಸಬೇಕು, ಹೊಸದು ಮಾಡಿಸಬೇಕು. ಹಾಗಾಗಿ ನಮ್ಮ ವೀಸಾಗಳೂ ಹಲವು ಸಲ ಪ್ರವೇಶಕ್ಕೆ ಅವಕಾಶ ಇರುವಂಥವೇ ಆಗಿರಬೇಕು. ಇದನ್ನು ಊರು ಬಿಡುವ ಮೊದಲೇ ನೋಡಿಕೊಳ್ಳಿ.

ಈಗ ಹೆಸರಿನ ವಿಷಯ. ನಮ್ಮ ಕಡೆಯವರಿಗೆ ಇದು ನಿಜವಾಗಿ ಕಷ್ಟ ಕೊಡುತ್ತದೆ. ನನ್ನ ಆರ್‌ಸಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್ ಇವೆ. ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟ್‌ನಲ್ಲಿ ಅವೇ ಪೂರ್ತಿ ಬಿಡಿಸಿ ಬರೆದಿವೆ, ಅಪ್ಪನ ಹೆಸರು ಸರ್‌ನೇಮ್ ಜಾಗದಲ್ಲಿ ಕೂತಿದೆ. ಇಲ್ಲಿಯವರಿಗೆ ಎರಡೆರಡು ಮನೆತನದ ಹೆಸರು, ಅಪ್ಪನ ಕಡೆಯದೊಂದು, ಅಮ್ಮನ ಕಡೆಯದೊಂದು. ಅವರ ಕಣ್ಣಿಗೆ ನನ್ನ ಆರ್‌ಸಿಯಲ್ಲಿರುವ ಮನುಷ್ಯ ಬೇರೆ, ಪಾಸ್‌ಪೋರ್ಟ್‌ನಲ್ಲಿರುವ ಮನುಷ್ಯ ಬೇರೆ. ಗಾಡಿ ಬೇರೆಯವರ ಹೆಸರಲ್ಲಿದ್ದರೆ ನೋಟರಿ ಮಾಡಿಸಿದ ಅಧಿಕಾರ ಪತ್ರ ಬೇಕು ಅನ್ನುತ್ತಾರೆ. ಪುಣ್ಯಕ್ಕೆ ನಾವು ಮೈಸೂರಿನಲ್ಲೇ ಎರಡೂ ಹೆಸರು ಒಬ್ಬನದ್ದೇ ಅಂತ ಅಫಿಡವಿಟ್ ಮಾಡಿಸಿ, ಸ್ಪ್ಯಾನಿಷ್ ಅನುವಾದ ಹಚ್ಚಿ ತಂದಿದ್ದೆವು. ಹತ್ತರಲ್ಲಿ ನಾಲ್ಕು ಕಡೆ ಅದನ್ನು ತೋರಿಸಬೇಕಾಯಿತು. ಆ ಒಂದು ಹಾಳೆಗೆ ನಾನು ತುಂಬಾ ಋಣಿ.

ಇನ್ನೊಂದು, ನಮ್ಮ ಆರ್‌ಸಿ ಕಾರ್ಡು. ಅಕ್ಷರಗಳು ರಾಗಿ ಕಾಳಿನಷ್ಟು. ಗಡಿಯಲ್ಲಿ ಕೂತ ಮನುಷ್ಯ ಅದನ್ನು ದೀಪಕ್ಕೆ ಹಿಡಿದು, ಕನ್ನಡಕ ಮೇಲೆತ್ತಿ, ಯಾವುದು ಯಾವುದು ಅಂತ ಹುಡುಕಬೇಕು. ಮೂರನೇ ಗಡಿ ಆದಮೇಲೆ ಭಾವ ಒಂದು ಉಪಾಯ ಮಾಡಿದರು. ಎ4 ಹಾಳೆಯಲ್ಲಿ ಆರ್‌ಸಿಯನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ, ಕೆಳಗೆ ಎಲ್ಲ ವಿವರ ಸ್ಪ್ಯಾನಿಷ್‌ನಲ್ಲಿ ಬರೆದರು. ನಂಬರ್ ಪ್ಲೇಟಿಗೆ ಚಿಲಿ, ಅರ್ಜೆಂಟೀನಾದಲ್ಲಿ ‘ಪತೆಂತೆ’ ಅನ್ನುತ್ತಾರೆ, ಪೆರುವಿನಲ್ಲಿ ‘ಪ್ಲಾಕಾ’. ಎರಡನ್ನೂ ಬರೆದಿದ್ದೇವೆ. ಬಣ್ಣ, ಮಾಡೆಲ್, ತಯಾರಾದ ವರ್ಷ, ಎಂಜಿನ್ ನಂಬರ್ ಎಲ್ಲ ಇದೆ. ಈಗ ಕಿಟಕಿಯಲ್ಲಿ ಆ ಹಾಳೆ ಕೊಟ್ಟರೆ ಅವರ ಮುಖವೇ ಅರಳುತ್ತದೆ.

ಆದರೂ ಒಂದು ಕಡೆ ಏಟು ತಿಂದೆವು. ಯಾವ ಗಡಿ ಅನ್ನುವುದು ಬೇಡ, ಯಾರಿಗೂ ಆಗಬಹುದಾದ ತಪ್ಪು. ಭಾವನ ಗಾಡಿಯ ಪ್ಲೇಟ್ ಕೆಎ 09. ಟೈಪ್ ಮಾಡಿದವರು ಆ ಸೊನ್ನೆಯ ಜಾಗದಲ್ಲಿ ‘ಓ’ ಅಕ್ಷರ ಒತ್ತಿದ್ದರು. ಕಾಗದದಲ್ಲಿ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ನಾವು ಮಡಿಚಿ ಜೇಬಿಗೆ ಹಾಕಿಕೊಂಡು ಹೊರಟೆವು. ಮೂರು ವಾರ ಬಿಟ್ಟು ಆ ದೇಶದಿಂದ ಹೊರಗೆ ಬರುವಾಗ ಕಿಟಕಿಯವರು ಸೊನ್ನೆ ಒತ್ತಿ ಹುಡುಕಿದರು. ಇಂಥ ಗಾಡಿ ದೇಶದೊಳಗೆ ಬಂದೇ ಇಲ್ಲ ಅಂತ ತೋರಿಸಿತು. ಗಾಡಿ ಹೊರಗಡೆ ನಿಂತಿದೆ! ಚಳಿ, ಗಾಳಿ, ಹಿಂದೆ ಒಂದು ಬಸ್ಸಿನ ಜನ. ಭಾವ ಏನೂ ಮಾತಾಡದೆ ಹೆಲ್ಮೆಟ್ ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ಅವರ ಮುಖ ನೋಡಿ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಮೂರು ಗಂಟೆ ಆದಮೇಲೆ ಇನ್ನೊಬ್ಬ ಅಧಿಕಾರಿ ಬಂದು, ಪ್ಲೇಟ್ ಬಿಟ್ಟು ಪಾಸ್‌ಪೋರ್ಟ್ ನಂಬರಿನಿಂದ ಹುಡುಕಿದರು. ಸಿಕ್ಕಿತು.

ಆವತ್ತಿನಿಂದ ನಾವು ಕಿಟಕಿ ಬಿಟ್ಟು ಸರಿಯುವ ಮೊದಲು ಓದುತ್ತೇವೆ, ಜೋರಾಗಿ, ಕನ್ನಡದಲ್ಲೇ. ನಾನು ಆರ್‌ಸಿ ಹಿಡಿದು ಒಂದೊಂದೇ ಅಕ್ಷರ ಹೇಳುತ್ತೇನೆ, ಭಾವ ಪರ್ಮಿಟ್ ಮೇಲೆ ಬೆರಳಿಟ್ಟು ‘ಹೂಂ’ ಅನ್ನುತ್ತಾರೆ. ಚಾಸಿ ನಂಬರ್ ಹದಿನೇಳು ಅಕ್ಷರ. ಅದರಲ್ಲಿ ಐ, ಓ, ಕ್ಯೂ ಬರುವುದೇ ಇಲ್ಲ. ಒಂದು, ಸೊನ್ನೆಗಳ ಜೊತೆ ಗೊಂದಲ ಆಗಬಾರದು ಅಂತಲೇ ಆ ನಿಯಮ ಇದೆ. ಹಾಗಾಗಿ ಅಲ್ಲಿ ದುಂಡಗೆ ಕಂಡದ್ದೆಲ್ಲ ಸೊನ್ನೆಯೇ ಅಂತ ಧೈರ್ಯವಾಗಿ ಹೇಳಬಹುದು. ಪ್ಲೇಟ್ ನಂಬರಿಗೆ ಮಾತ್ರ ಬೆರಳು ತೋರಿಸಿ ‘ಸೆರೊ’ ಅಂತ ಸ್ಪ್ಯಾನಿಷ್‌ನಲ್ಲಿ ಸೊನ್ನೆ ಹೇಳುತ್ತೇವೆ. ನಿನ್ನೆ ಸಾಂತಾ ರೋಸಾದಲ್ಲಿ ನಮ್ಮ ಓದು ಕೇಳಿ ಪಕ್ಕದ ಲಾರಿ ಡ್ರೈವರ್ ಯಾವ ಭಾಷೆ ಅಂತ ಕೇಳಿದ.

ಚಿಲಿಗೆ ಹೋಗುವವರಿಗೆ ಇನ್ನೊಂದು ಮಾತು. ಅಲ್ಲಿ ಗಾಡಿ ಜೊತೆ ಊಟದ ಚೀಲವನ್ನೂ ನೋಡುತ್ತಾರೆ. ಹಣ್ಣು, ಜೇನು, ಬೀಜ, ಹಾಲಿನ ಪದಾರ್ಥ ಇದೆಯಾ ಅಂತ ಫಾರಂ ತುಂಬಬೇಕು. ಇದ್ದರೆ ಇದೆ ಅಂತಲೇ ಬರೆಯಿರಿ. ಮುಚ್ಚಿಟ್ಟರೆ ದಂಡ. ಅತ್ತಿಗೆ ಕಟ್ಟಿಕೊಟ್ಟ ಚಟ್ನಿಪುಡಿಯನ್ನು ನಾವು ಐದೂ ಸಲ ಬರೆದು ತೋರಿಸಿದೆವು. ಮೂಸಿ ನೋಡಿ ವಾಪಸ್ ಕೊಟ್ಟರು. ಸೇಬು ಮಾತ್ರ ಹೋಯಿತು.

ಪೆರುವಿನಲ್ಲಿ ಪರ್ಮಿಟ್ ಸಾಲದು, ಸೋಆಟ್ ಅನ್ನುವ ಕಡ್ಡಾಯ ವಿಮೆಯೂ ಬೇಕು. ಅದನ್ನು ಇವತ್ತು ಬೆಳಿಗ್ಗೆ ಮಾಡಿಸಿದ್ದಾಯಿತು.

ಮುಂದೆ ಪೂನೊ, ತಿತಿಕಾಕಾ ಸರೋವರದ ದಂಡೆ ಹಿಡಿದು ಬೊಲಿವಿಯಾ. ಅಲ್ಲಿಯ ಕಸ್ಟಮ್ಸ್‌ಗೆ ಸಿವೆತುರ್ ಅನ್ನುವ ಆನ್‌ಲೈನ್ ಫಾರಂ ಇದೆ, ಗಡಿಗೆ ಹೋಗುವ ಮೊದಲೇ ತುಂಬಬಹುದು. ಆಮೇಲೆ ಅರ್ಜೆಂಟೀನಾ ಮೇಲೆ ಹಾದು ಉರುಗ್ವೆ. ಉರುಗ್ವೆಯಲ್ಲಿ ಪ್ರವಾಸಿಯ ಗಾಡಿ 12 ತಿಂಗಳು ಇರಬಹುದು. ಅಲ್ಲಿ ಗಾಡಿ ನಿಲ್ಲಿಸಿ ಸ್ವಲ್ಪ ದಿನ ಊರಿಗೆ ಬಂದು ಹೋಗುವ ಯೋಚನೆ ಇದೆ. ಆದರೆ ನಮ್ಮ ಕಾರ್ನೆಗೆ ಒಂದೇ ವರ್ಷದ ಅವಧಿ, ಆಗಲೇ ಅರ್ಧದ ಹತ್ತಿರ ಕಳೆದಿದೆ. ಎರಡರ ಲೆಕ್ಕ ಕೂಡಿಬಂದರೆ ಮಾತ್ರ ಆ ಯೋಚನೆ.

ಈಗ ಹಾಸ್ಟೆಲಿನ ಅಂಗಳದಲ್ಲಿ ಕೂತು ಸಿವೆತುರ್ ತುಂಬುತ್ತಿದ್ದೇವೆ. ಭಾವ ಟೈಪ್ ಮಾಡುತ್ತಿದ್ದಾರೆ, ನಾನು ಆರ್‌ಸಿ ಓದುತ್ತಿದ್ದೇನೆ. ಹನ್ನೊಂದನೇ ಅಕ್ಷರದ ತನಕ ಬಂದಿದ್ದೇವೆ.