ವಾಟರ್ ಪಾರ್ಕಿನಲ್ಲಿ ಚಿಕ್ಕ ಮಕ್ಕಳು: ಕೈಗೆ ಸಿಗುವಷ್ಟು ದೂರದಲ್ಲಿ

ಲೈಫ್ ಜಾಕೆಟ್ ತೊಡಿಸಿದ ಮೇಲೆ ಅದರ ಎರಡೂ ಭುಜದ ಪಟ್ಟಿ ಹಿಡಿದು ಒಮ್ಮೆ ಮೇಲಕ್ಕೆ ಎಳೆದು ನೋಡಿ. ಜಾಕೆಟ್ ಮೇಲೆ ಬಂದು ಮಗುವಿನ ಗದ್ದ, ಕಿವಿ ಅದರೊಳಗೆ ಹುದುಗಿಹೋದರೆ ಆ ಜಾಕೆಟ್ ನಿಮ್ಮ ಮಗುವಿನ ಅಳತೆಯದಲ್ಲ. ನೀರಿನಲ್ಲೂ ಹೀಗೇ ಆಗುತ್ತದೆ. ಜಾಕೆಟ್ ತೇಲುತ್ತದೆ, ಮಗು ಅದರೊಳಗಿಂದ ಕೆಳಗೆ ಜಾರುತ್ತದೆ. ಕೌಂಟರಿನಲ್ಲಿ ರಾಶಿ ಹಾಕಿದ್ದರಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿ ಹೊರಡುವುದೇ ಹೆಚ್ಚು. ಹಾಗೆ ಮಾಡಬೇಡಿ. ಜಾಕೆಟ್ಟಿನ ಒಳಬದಿಯಲ್ಲಿ ತೂಕ ಬರೆದಿರುತ್ತದೆ, ಅದನ್ನು ಓದಿ. ವಯಸ್ಸು ನೋಡಿ ಆರಿಸಿದರೆ ತಪ್ಪುತ್ತದೆ, ನಾಲ್ಕು ವರ್ಷದ ಒಬ್ಬ ಮಾಣಿ 13 ಕೆ.ಜಿ. ಇದ್ದರೆ ಇನ್ನೊಬ್ಬ 19 ಇರುತ್ತಾನೆ. ಚಿಕ್ಕವರ ಜಾಕೆಟ್ಟಿಗೆ ಎರಡು ಕಾಲುಗಳ ನಡುವೆ ಹಾಯಿಸಿ ಕಟ್ಟುವ ಪಟ್ಟಿ ಇರಲೇಬೇಕು, ಮೇಲೆ ಜಾರದಂತೆ ತಡೆಯುವುದು ಅದೇ. ಎಲ್ಲ ಬಕಲ್ 'ಟಕ್' ಎನ್ನುವವರೆಗೆ ಹಾಕಿ. ಒದ್ದೆಯಾದ ಪಟ್ಟಿ ಸಡಿಲಾಗುವುದರಿಂದ ನೀರಿಗಿಳಿದು ಹತ್ತು ನಿಮಿಷವಾದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ.

ತೋಳಿಗೆ ಹಾಕುವ ಗಾಳಿಚೀಲಗಳನ್ನು ಜಾಕೆಟ್ಟಿನ ಬದಲಿಗೆ ಬಳಸಲೇಬಾರದು. ಒಂದು ಕಡೆಯದು ಕಳಚಿದರೆ ಅಥವಾ ತೂತಾದರೆ ಮಗು ಆ ಕಡೆಗೇ ವಾಲುತ್ತದೆ. ಅದಕ್ಕಿಂತ ಕೆಟ್ಟದ್ದು ಅವು ನಮಗೆ ಕೊಡುವ ಸುಳ್ಳು ಧೈರ್ಯ.

ನಮ್ಮ ಕರಾವಳಿಯವರಿಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ಕಾರವಾರದ ಟ್ಯಾಗೋರ್ ಕಡಲತೀರದಲ್ಲೋ ಗೋಕರ್ಣದಲ್ಲೋ ಅಲೆಯ ಜೊತೆ ಆಡಿ ಬೆಳೆದ ಮಗುವಿಗೆ ನೀರಿನ ಹೆದರಿಕೆ ಕಡಿಮೆ. 'ಸಮುದ್ರ ಕಂಡವನಿಗೆ ಇದ್ಯಾವ ಲೆಕ್ಕ' ಎಂದು ದೊಡ್ಡವರೂ ಸಡಿಲ ಬಿಡುತ್ತಾರೆ. ಆದರೆ ಉಪ್ಪುನೀರು ಸಿಹಿನೀರಿಗಿಂತ ಸುಮಾರು 2.5 ಶೇಕಡಾ ಹೆಚ್ಚು ಸಾಂದ್ರ. ಅದು ಮೈಯನ್ನು ಎತ್ತಿಹಿಡಿಯುವಷ್ಟು ಪಾರ್ಕಿನ ನೀರು ಹಿಡಿಯುವುದಿಲ್ಲ. ಸಮುದ್ರದಲ್ಲಿ ಹೊಯ್ಗೆ ಕಾಲಿಗೆ ಹಿಡಿತ ಕೊಡುತ್ತದೆ, ಇಲ್ಲಿ ಬಣ್ಣ ಬಳಿದ ಕಾಂಕ್ರೀಟು, ಟೈಲ್ಸು. ಯಂತ್ರದಿಂದ ಅಲೆ ಎಬ್ಬಿಸುವ ವೇವ್ ಪೂಲಿನಲ್ಲಿ ಅಲೆ ಎದುರಿನಿಂದ ಮಾತ್ರ ಬರುವುದಿಲ್ಲ, ಪಕ್ಕದ ಗೋಡೆಗೆ ಬಡಿದು ವಾಪಸೂ ಬರುತ್ತದೆ. ಅದರ ಜೊತೆಗೆ ದೊಡ್ಡವರು ಕೂತ ಟ್ಯೂಬುಗಳೂ ತೇಲಿ ಬಂದು ಮಗುವಿನ ತಲೆಯ ಮೇಲೇ ನಿಲ್ಲುತ್ತವೆ.

ಅಲೆ ಶುರುವಾಗುವ ಮುಂಚೆ ಗಂಟೆಯೋ ಸೈರನ್ನೋ ಆಗುತ್ತದೆ. ಆ ಸದ್ದಿಗೆ ಜನ ಎಲ್ಲ ಒಳಕ್ಕೆ ಓಡುತ್ತಾರೆ. ಆಗ ನೀವು ಚಿಕ್ಕವರನ್ನು ದಡದ ಕಡೆಗೆ ತನ್ನಿ. ನಿಂತ ನೀರು ಮಗುವಿನ ಮೊಣಕಾಲಿಗಿಂತ ಮೇಲೆ ಇರಬಾರದು. ಮೊಣಕಾಲುದ್ದದ ನೀರಿನಲ್ಲಿ ಅಲೆ ಬಂದಾಗ ಅದು ಹೊಟ್ಟೆಯವರೆಗೆ ಏರುತ್ತದೆ, ಐದು ವರ್ಷದೊಳಗಿನವರಿಗೆ ಅಷ್ಟೇ ಸಾಕು. ಮಗುವಿನ ಮುಖ ಅಲೆಯ ಕಡೆಗಿರಲಿ. ನೀವು ಅದರ ಹಿಂದೆ ನಿಂತು ಎರಡೂ ಕಂಕುಳಿನ ಕೆಳಗೆ ಕೈಯಿಟ್ಟುಕೊಳ್ಳಿ. ಮುಂಗೈ ಹಿಡಿದು ನಿಲ್ಲಬೇಡಿ. ಅಲೆ ಎಳೆದಾಗ ನೀವೂ ಜಗ್ಗಿ ಎಳೆಯುತ್ತೀರಿ, ಐದು ವರ್ಷದೊಳಗಿನವರ ಮೊಣಕೈ ಕೀಲು ಅಂಥ ಒಂದೇ ಜಗ್ಗಿಗೆ ತಪ್ಪಬಹುದು. ನೀರಿನಿಂದೆದ್ದ ಮಗು ಒಂದು ಕೈಯನ್ನು ಆಡಿಸದೆ ಮೈಗೆ ಅಂಟಿಸಿಕೊಂಡು ಅಳುತ್ತಿದ್ದರೆ ಇದೇ ಆಗಿರಬಹುದು, ನೀವೇ ತಿರುವಲು ಹೋಗದೆ ವೈದ್ಯರಿಗೆ ತೋರಿಸಿ.

ಮುಳುಗುವ ಮಗು ಕೂಗುತ್ತದೆ, ಕೈಕಾಲು ಬಡಿಯುತ್ತದೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಕೂಗಲು ಉಸಿರು ಬೇಕು, ಆ ಉಸಿರೇ ಅದಕ್ಕೆ ಸಿಗುತ್ತಿರುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತದೆ, ತಲೆ ಹಿಂದಕ್ಕೆ ವಾಲುತ್ತದೆ, ಸದ್ದೇ ಇಲ್ಲ. ಒಂದು ನಿಮಿಷದೊಳಗೆ ಎಲ್ಲ ಮುಗಿದುಹೋಗಬಹುದು. ಆದ್ದರಿಂದ ಚಿಕ್ಕವರ ಜೊತೆ ಇರುವವರು ಕೈ ಚಾಚಿದರೆ ಸಿಗುವಷ್ಟು ಹತ್ತಿರ, ನೀರಿನೊಳಗೇ ಇರಬೇಕು. ದಂಡೆಯ ಕುರ್ಚಿಯಲ್ಲಿ ಕೂತು ನೋಡಿದರೆ ಆಗಲಿಲ್ಲ. ಲೈಫ್‌ಗಾರ್ಡ್ ಇದ್ದಾರಲ್ಲ ಎನ್ನಬೇಡಿ, ಅವರ ಕಣ್ಣಿಗೆ ನೂರು ತಲೆ.

ನಮ್ಮ ಕಡೆಯಿಂದ ಹೊರಡುವುದು ಸಣ್ಣ ತಂಡವಲ್ಲ. ಅಜ್ಜಿ, ಚಿಕ್ಕಪ್ಪ, ಅತ್ತೆ, ಅವರ ಮಕ್ಕಳು ಸೇರಿ ಹನ್ನೆರಡು ಜನ. ಇಷ್ಟು ಜನರಿದ್ದಾಗ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಇದಕ್ಕೊಂದು ಸುಲಭದ ದಾರಿಯಿದೆ. ಲಾಕರಿನ ಕೀಲಿಯ ಪಟ್ಟಿ ಯಾರ ಕೈಯಲ್ಲಿದೆಯೋ ಮಗು ಅವರದು. ಹದಿನೈದು ನಿಮಿಷಕ್ಕೊಮ್ಮೆ 'ಈಗ ನಿನ್ನ ಪಾಳಿ' ಎಂದು ಬಾಯಿಬಿಟ್ಟು ಹೇಳಿ ಕೀಲಿ ದಾಟಿಸಿ. ಪಾಳಿಯಲ್ಲಿರುವವರು ಫೋನ್ ಮುಟ್ಟುವಂತಿಲ್ಲ, ಫೋಟೋ ಉಳಿದವರು ತೆಗೆಯಲಿ.

ಈಜುಡುಗೆ ಆರಿಸುವಾಗ ಬಣ್ಣ ನೋಡಿ. ತಿಳಿನೀಲಿ, ಬಿಳಿ, ಬೂದಿ ಬಣ್ಣದ ಬಟ್ಟೆ ಎರಡಡಿ ನೀರಿನ ಕೆಳಗೆ ಕಾಣುವುದೇ ಇಲ್ಲ. ಎದ್ದುಕಾಣುವ ಕಿತ್ತಳೆ, ಗಾಢ ಗುಲಾಬಿ ಒಳ್ಳೆಯದು. ಹತ್ತಿಯ ಬಟ್ಟೆ ನೀರು ಕುಡಿದು ಭಾರವಾಗುತ್ತದೆ. ಜಿಪ್ಪು, ಲೋಹದ ಗುಂಡಿ ಇರುವ ಬಟ್ಟೆಗೆ ಸ್ಲೈಡಿನಲ್ಲಿ ಬಿಡುವುದಿಲ್ಲ. ಇಲ್ಲಿ ಮರೆಯುವಂಥದ್ದು ಮಗುವಿನ ಮೈಮೇಲೇ ಇರುವ ಬೆಳ್ಳಿ ಉಡಿದಾರ, ಕಾಲ್ಗೆಜ್ಜೆ, ಕೊರಳಿನ ಕರಿದಾರ. ಫೈಬರ್ ಸ್ಲೈಡ್ ಒಂದೇ ತುಂಡಲ್ಲ, ತುಂಡು ತುಂಡು ಸೇರಿಸಿ ಬೋಲ್ಟ್ ಹಾಕಿದ್ದು. ಆ ಸೇರುವಲ್ಲಿ ಗೆಜ್ಜೆಯ ಒಂದು ಕೊಂಡಿ ಸಿಕ್ಕಿಕೊಂಡರೆ ಕಾಲೇ ತಿರುಚುತ್ತದೆ. ಅಜ್ಜಿ ಬೇಸರ ಮಾಡಿಕೊಂಡರೂ ಸರಿ, ಮನೆಯಲ್ಲೇ ಬಿಚ್ಚಿಟ್ಟು ಬನ್ನಿ. ಉದ್ದ ಕೂದಲನ್ನು ಜಡೆ ಹಾಕಿ ಮೇಲೆ ಕಟ್ಟಿ. ಕೊಳದ ತಳದಲ್ಲಿ, ಗೋಡೆಯಲ್ಲಿ ನೀರೆಳೆಯುವ ಜಾಲರಿ ಇರುತ್ತದೆ, ಅದರ ಹತ್ತಿರ ಕೂರಲು ಬಿಡಬೇಡಿ. ಇನ್ನೊಂದು, ಹೊರಡುವ ದಿನ ಮೈಗೆ ತೆಂಗಿನೆಣ್ಣೆ ಹಚ್ಚಬೇಡಿ. ಎಣ್ಣೆ ಹಚ್ಚಿದ ಒದ್ದೆ ಮಗುವನ್ನು ಹಿಡಿಯಲು ಹೋದರೆ ಕೈಯಿಂದ ಜಾರುತ್ತದೆ.

ಸ್ಲೈಡಿನ ಕೆಳಗೆ ನಿಲ್ಲಿಸಿದ ಎತ್ತರದ ಕೋಲಿನ ವಿಷಯಕ್ಕೆ ಜಗಳವಾಡುವವರು ಬಹಳ. ದುಡ್ಡು ಕೊಟ್ಟಿದ್ದೇವೆ, ಎರಡೇ ಇಂಚು ಕಡಿಮೆ, ಬಿಡಿ ಎನ್ನುತ್ತಾರೆ. ದೊಡ್ಡ ಸ್ಲೈಡುಗಳಿಗೆ ಸಾಮಾನ್ಯವಾಗಿ 120 ಸೆಂ.ಮೀ. ಆಸುಪಾಸಿನ ಮಿತಿ ಇಡುವುದಕ್ಕೆ ಕಾರಣವಿದೆ. ಹಗುರ ಮಗು ಇಳಿಜಾರು ಕಡಿಮೆಯಿರುವ ಕಡೆ ನಡುವೆಯೇ ನಿಂತುಬಿಡುತ್ತದೆ, ಹಿಂದಿನಿಂದ 80 ಕೆ.ಜಿ.ಯ ಮನುಷ್ಯ ಬರುತ್ತಿರುತ್ತಾನೆ. ಚಿಕ್ಕವರ ದೇಹದಲ್ಲಿ ತಲೆಯ ಭಾರ ಹೆಚ್ಚು, ತಿರುವಿನಲ್ಲಿ ಬೇಗ ಮಗುಚುತ್ತಾರೆ. ಕೊನೆಗೆ ಬೀಳುವ ಕೊಳದ ನೀರು ಮೂರಡಿಯಷ್ಟಿದ್ದರೆ ನಮಗೆ ಸೊಂಟ, ಅವರಿಗೆ ಗದ್ದ. ಬೂಟು ಹಾಕಿಸಿ, ತುದಿಗಾಲಲ್ಲಿ ನಿಲ್ಲಿಸಿ ಎತ್ತರ ತೋರಿಸುವುದನ್ನು ದಯವಿಟ್ಟು ಬಿಡಿ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರುವುದು ಅತ್ಯಂತ ಪ್ರೀತಿಯಿಂದ ಮಾಡುವ ತಪ್ಪು. ಮಗುವಿನ ಪಾದದ ಅಂಚು ಸ್ಲೈಡಿನ ಗೋಡೆಗೆ ಒತ್ತಿ ನಿಂತರೂ ದೊಡ್ಡವರ ಭಾರ ನಿಲ್ಲುವುದಿಲ್ಲ, ಮುಂದೆ ಹೋಗುತ್ತಲೇ ಇರುತ್ತದೆ. ಕಾಲು ಹಿಂದಕ್ಕೆ ತಿರುಚಿ ಮೊಣಕಾಲಿನ ಕೆಳಗಿನ ಎಲುಬು ಬಿರಿಯುತ್ತದೆ. ಆಟದ ಮೈದಾನದ ಒಣ ಜಾರುಬಂಡಿಯಲ್ಲೂ ಚಿಕ್ಕ ಮಕ್ಕಳ ಕಾಲು ಮುರಿಯುವುದು ಹೀಗೆಯೇ. ಒಬ್ಬನೇ ಹೋಗಿದ್ದರೆ ಕಾಲು ಸಿಕ್ಕಿದಲ್ಲಿ ಮಗು ನಿಂತುಬಿಡುತ್ತಿತ್ತು. ಆದ್ದರಿಂದ ಚಿಕ್ಕವರಿಗಾಗಿಯೇ ಇರುವ ಗಿಡ್ಡ ಸ್ಲೈಡಿಗೆ ಒಬ್ಬರನ್ನೇ ಬಿಡಿ, ಮೇಲೆ ಒಬ್ಬರು, ಕೆಳಗೆ ಕೈಗೆ ಸಿಗುವಂತೆ ಇನ್ನೊಬ್ಬರು. ಕೆಳಗಿನವರು ಬಂದು ನಿಂತ ಮೇಲೆಯೇ ಮೇಲಿನವರು ಬಿಡಬೇಕು. ಕಾಲು ಮುಂದೆ, ಕೈ ಎದೆಯ ಮೇಲೆ. ಬಿದ್ದ ಕೂಡಲೇ ಪಕ್ಕಕ್ಕೆ ಎತ್ತಿಕೊಳ್ಳಿ, ಖುಷಿಯಲ್ಲಿ ಅಲ್ಲೇ ತಬ್ಬಿಕೊಂಡು ನಿಂತರೆ ಮುಂದಿನವನು ಬಂದು ಗುದ್ದುತ್ತಾನೆ.

ಮೇಲಿನಿಂದ ಧುಮುಕಿ ನೀರೆರಚುವ ದೋಣಿಯ ರೈಡಿನಲ್ಲಿ ಬೇರೆ ಲೆಕ್ಕ. ಎಷ್ಟೋ ಕಡೆ ಒಂದೇ ಸರಳು ಇಡೀ ಸಾಲಿಗೆ. ಅದು ನಿಮ್ಮ ತೊಡೆಗೆ ತಾಗಿ ನಿಂತರೆ ಪಕ್ಕದ ಮಗುವಿನ ತೊಡೆಯ ಮೇಲೆ ಒಂದು ಗೇಣು ಜಾಗ ಉಳಿಯುತ್ತದೆ. ಎತ್ತರದ ಮಿತಿ ದಾಟಿದ ಮಗುವಾದರೂ ತೆಳ್ಳಗಿದ್ದರೆ ಈ ಸಂದು ನೋಡಿಯೇ ಹತ್ತಿಸಿ. ಮಗು ಒಳಬದಿಗೆ ಕೂರಲಿ, ಬೆನ್ನು ಹಿಂದಕ್ಕೆ ಪೂರ್ತಿ ಒರಗಿರಲಿ, ಎರಡೂ ಕೈ ಸರಳಿನ ಮೇಲೆ. ಇಳಿಯುವಾಗ 'ಮೂಗಿನಿಂದ ಗಾಳಿ ಬಿಡು' ಎಂದು ಮೊದಲೇ ಕಲಿಸಿ, ನೀರು ಮೂಗಿಗೆ ಹೋಗುವುದಿಲ್ಲ. ಹತ್ತಿಸುವ ಮುಂಚೆ ನಾಲ್ಕೈದು ದೋಣಿ ಇಳಿಯುವುದನ್ನು ಹೊರಗಿನಿಂದ ತೋರಿಸಿ. ಬೇಡ ಎಂದರೆ ಬೇಡ. ಅಳುತ್ತ ಹತ್ತಿದ ಮಗು ನಡುವೆ ಎದ್ದು ನಿಲ್ಲಲು ನೋಡುತ್ತದೆ, ಅಪಾಯ ಅಲ್ಲಿಯೇ.

ನಿಧಾನ ಹರಿಯುವ ಲೇಜಿ ರಿವರಿನಲ್ಲಿ ನಡುವೆ ತೂತಿರುವ ಟ್ಯೂಬಿನಲ್ಲಿ ಚಿಕ್ಕವರನ್ನು ಕೂರಿಸಬೇಡಿ, ಸೊಂಟ ಮಡಚಿ ಕೆಳಗೆ ಜಾರುತ್ತಾರೆ. ತಳ ಇರುವ ಟ್ಯೂಬ್ ಇದ್ದರೆ ಅದು, ಇಲ್ಲವೇ ಜಾಕೆಟ್ ಹಾಕಿ ನಿಮ್ಮ ಎದುರಿಗೆ ಹಿಡಿದು ನಡೆಯಿರಿ.

ಡೈಪರ್ ಹಾಕುವ ಮಕ್ಕಳಿಗೆ ಸ್ವಿಮ್ ಡೈಪರೇ ಬೇಕು. ಸಾಮಾನ್ಯ ಡೈಪರ್ ಕೊಳದ ನೀರನ್ನೇ ಹೀರಿ ಸೇರಿನಷ್ಟು ಭಾರವಾಗಿ ಜೋತುಬೀಳುತ್ತದೆ. ಸ್ವಿಮ್ ಡೈಪರ್ ಮಲವನ್ನು ಸ್ವಲ್ಪ ಹೊತ್ತು ತಡೆಯುತ್ತದೆಯೇ ಹೊರತು ಮೂತ್ರವನ್ನಲ್ಲ. ಗಂಟೆಗೊಮ್ಮೆ ನೀರಿನಿಂದ ದೂರ ಬಂದು ನೋಡಿ. ಭೇದಿಯಾಗುತ್ತಿರುವ ಮಗುವನ್ನು ನೀರಿಗೆ ಇಳಿಸಬೇಡಿ. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ಒಂದು ವಾರಕ್ಕಿಂತ ಹೆಚ್ಚು ಬದುಕುತ್ತದೆ, ಒಂದು ಗುಟುಕು ಕುಡಿದ ಬೇರೆ ಮಗುವಿಗೂ ಬರುತ್ತದೆ.

ಚಳಿಯ ಬಗ್ಗೆ ನಮ್ಮವರು ಯೋಚಿಸುವುದೇ ಇಲ್ಲ. ಡಿಸೆಂಬರಿನಲ್ಲಿ ಬಿಡದಿಯ ವಂಡರ್‌ಲಾಕ್ಕೆ ಹೋದರೆ ಅಲ್ಲಿನ ಬೆಳಗಿನ ಗಾಳಿ ಕುಮಟಾ, ಅಂಕೋಲೆಯ ಗಾಳಿಯಂತಲ್ಲ. ಚಿಕ್ಕ ಮೈ ಬೇಗ ಬಿಸಿ ಕಳೆದುಕೊಳ್ಳುತ್ತದೆ. ತುಟಿ ನೀಲಿಗಟ್ಟಿದರೆ, ಹಲ್ಲು ಕಟಕಟ ಎಂದರೆ, ಇದ್ದಕ್ಕಿದ್ದಂತೆ ಸುಮ್ಮನಾದರೆ ಹೊರಗೆ ತನ್ನಿ. ಒದ್ದೆ ಬಟ್ಟೆ ಪೂರ್ತಿ ತೆಗೆದು ಒಣ ಬಟ್ಟೆ ಹಾಕಿ, ಒದ್ದೆಯ ಮೇಲೆ ಟವೆಲ್ ಸುತ್ತಿದರೆ ಪ್ರಯೋಜನವಿಲ್ಲ. ಇಪ್ಪತ್ತು-ಮೂವತ್ತು ನಿಮಿಷ ನೀರು, ಅಷ್ಟೇ ಹೊತ್ತು ನೆರಳು. ಬೇಸಿಗೆಯಲ್ಲಿ ಸಮಸ್ಯೆ ತಿರುಗುಮುರುಗು, ಕಾದ ಕಾಂಕ್ರೀಟಿನ ಮೇಲೆ ಅಂಗಾಲು ಸುಡುತ್ತದೆ, ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಬೇಕು. ನೀರಿನಲ್ಲಿದ್ದರೂ ಮೈ ಬೆವರುತ್ತದೆ, ಬಾಯಾರಿಕೆ ಗೊತ್ತಾಗುವುದಿಲ್ಲ. ಉಪ್ಪು ಸಕ್ಕರೆ ಹಾಕಿದ ಮುರುಗಲು ಪಾನಕ ಗಂಟೆಗೊಮ್ಮೆ ಅರ್ಧ ಲೋಟ ಕುಡಿಸಿ. ಹೊಟ್ಟೆಗೆ ಮೊಸರನ್ನವೋ ಇಡ್ಲಿಯೋ ಸಾಕು, ಕರಿದದ್ದು ತಿಂದು ದೋಣಿ ಹತ್ತಿದರೆ ವಾಂತಿ.

ರಾತ್ರಿ ಬಸ್ಸಿನಲ್ಲಿ ಘಟ್ಟದ ತಿರುವುಗಳಲ್ಲಿ ವಾಂತಿ ಮಾಡುತ್ತ ಬಂದ ಮಗುವನ್ನು ಗೇಟು ತೆರೆಯುತ್ತಲೇ ನೀರಿಗೆ ಇಳಿಸಬೇಡಿ. ಎರಡು ತಾಸು ಮಲಗಿಸಿ, ಏನಾದರೂ ಉಣಿಸಿ, ಮಧ್ಯಾಹ್ನ ಬಂದರೂ ನಡೆಯುತ್ತದೆ. ಆಯಾಸಗೊಂಡ ಮಗು ಕಾಲು ಜಾರುತ್ತದೆ, ಮಾತು ಕೇಳುವುದಿಲ್ಲ.

ಯಾರಾದರೂ ಮಗುವನ್ನು ನೀರಿನಿಂದ ಎತ್ತಿದಾಗ ಉಸಿರಾಡದಿದ್ದರೆ ಕಾಲು ಹಿಡಿದು ತಲೆಕೆಳಗೆ ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡವೇ ಬೇಡ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಅಮೂಲ್ಯ ನಿಮಿಷ ಹೋಗುತ್ತದೆ. ಅಂಗಾತ ಮಲಗಿಸಿ, ಗದ್ದ ಎತ್ತಿ, ಬಾಯಿಂದ ಐದು ಸಲ ಉಸಿರು ಕೊಡಿ. ಎದೆ ಏಳುವುದು ಕಾಣಬೇಕು. ಆಮೇಲೂ ಉಸಿರಾಟವಿಲ್ಲದಿದ್ದರೆ ಎದೆಯ ನಡುವೆ ಅದರ ಮೂರನೇ ಒಂದು ಭಾಗ ಆಳಕ್ಕೆ 30 ಸಲ ಒತ್ತಿ ಎರಡು ಉಸಿರು, ಹೀಗೆಯೇ ಮುಂದುವರಿಸಿ. ಲೈಫ್‌ಗಾರ್ಡನ್ನು ಕೂಗಿ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಿ.

ನೀರು ಕುಡಿದು ಕೆಮ್ಮಿ ಸುಧಾರಿಸಿಕೊಂಡ ಮಗು ಆಡಲು ಓಡಿದರೆ ಹೆಚ್ಚಾಗಿ ಚಿಂತೆಯಿಲ್ಲ. ಆದರೂ ಮುಂದಿನ ಎಂಟು ತಾಸು ಗಮನವಿರಲಿ. ಕೆಮ್ಮು ನಿಲ್ಲದಿದ್ದರೆ, ಉಸಿರಾಡುವಾಗ ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತಿದ್ದರೆ, ವಾಂತಿಯಾದರೆ, ಎಬ್ಬಿಸಿದರೂ ಕಣ್ಣು ಬಿಡದಷ್ಟು ಮಂಪರಿದ್ದರೆ ಅದು ಆಟದ ಸುಸ್ತಲ್ಲ. ಟಿಕೆಟ್ ಮಾಡಿಸಿಯಾಗಿದೆ ಎಂದು ರಾತ್ರಿ ಬಸ್ ಹತ್ತಬೇಡಿ. ಮಧ್ಯರಾತ್ರಿ ಅರಬೈಲು ಘಟ್ಟದಲ್ಲಿ ಆಸ್ಪತ್ರೆ ಇರುವುದಿಲ್ಲ. ಪಾರ್ಕಿನ ಹತ್ತಿರದ ಆಸ್ಪತ್ರೆಗೇ ಕರೆದುಕೊಂಡು ಹೋಗಿ ತೋರಿಸಿ, ಮರುದಿನದ ಬಸ್ಸಿಗೆ ಬನ್ನಿ.