ಹಿಂದಿನ ಕಾಲಿಗೆ ಹಾಕು

8 ಡಿಸೆಂಬರ್ 2024, ಭಾನುವಾರ, ರಾತ್ರಿ 10.40

ಇವತ್ತು ಮೆಟ್ರೊ ವಿಜಯನಗರ ದಾಟಿದ್ದು ಗೊತ್ತೇ ಆಗಲಿಲ್ಲ. ಸಾಸಿವೆ ಬಣ್ಣದ ಮಫ್ಲರನ್ನು ತೊಡೆ ಮೇಲೆ ಹರಡಿಕೊಂಡು, ಒಂದೊಂದೇ ಕುಣಿಕೆಯನ್ನು ಉಗುರಿನಿಂದ ಅಗಲಿಸಿ ನೋಡುತ್ತಾ ಕೂತಿದ್ದೆ. ತಲೆ ಎತ್ತಿದರೆ ಅತ್ತಿಗುಪ್ಪೆ. ಇಳಿದು ವಾಪಸ್ ಬಂದೆ. ಮನೆಯಲ್ಲಿ ಊಟಕ್ಕೆ ಕಾಯುತ್ತಿದ್ದರು. ಬಡಿಸಿದೆ, ತಿಂದೆ. ಏನು ತಿಂದೆ ಅಂತ ಈಗ ಕೇಳಿದರೆ ನೆನಪಿಲ್ಲ.

ಹೌದು, ಕೊನೆಗೂ ಹೋದೆ. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಸೇರುವ ಆ ಹೆಣಿಗೆ ಗುಂಪಿಗೆ. ಮಾರ್ಚ್‌ನಿಂದ ಅಕ್ಕ ಹೇಳುತ್ತಲೇ ಇದ್ದಳು, ಹೋಗೇ ಹೋಗೇ ಅಂತ. ಪ್ರತಿ ಭಾನುವಾರ ಒಂದು ಕಾರಣ ಸಿಗುತ್ತಿತ್ತು. ಹೋದ ವಾರ ಫೆಂಗಲ್ ಚಂಡಮಾರುತದ ಮಳೆ. ಅದಕ್ಕೆ ಮುಂಚೆ ಚಿಕ್ಕವಳ ಪರೀಕ್ಷೆ. ನಿಜವಾದ ಕಾರಣ ಬೇರೆ. ನಾನು ಹೆಣೆಯುವುದನ್ನು ಹೆಣೆಯಲು ಬರುವವರು ಯಾರೂ ಇದುವರೆಗೆ ನೋಡಿರಲಿಲ್ಲ. ಮೂರು ವರ್ಷದಲ್ಲಿ ಒಬ್ಬರೂ ಇಲ್ಲ. ನಮ್ಮನೆಯವರು ನೋಡುತ್ತಾರೆ, ಚೆನ್ನಾಗಿದೆ ಅನ್ನುತ್ತಾರೆ. ಮೇಲಿನ ಮನೆ ಆಂಟಿಯೂ ಚೆನ್ನಾಗಿದೆ ಅಂದಿದ್ದಾರೆ. ಆದರೆ ಕಡ್ಡಿ ಹಿಡಿದು ಗೊತ್ತಿರುವವರ ಕಣ್ಣು ಬೇರೆ ಅಲ್ವಾ.

ನಾನು ಶುರು ಮಾಡಿದ್ದು 2021ರ ಮಳೆಗಾಲದಲ್ಲಿ. ಕೊಪ್ಪದಲ್ಲಿ ಅಪ್ಪನಿಗೆ ಜ್ವರ ಬಂದು ಬಿಟ್ಟಿತ್ತು, ಊರಿಗೆ ಹೋಗುವ ಹಾಗಿರಲಿಲ್ಲ, ಕೈಗೆ ಏನಾದರೂ ಕೆಲಸ ಬೇಕಿತ್ತು. ಒಂದು ಜೊತೆ ಕಡ್ಡಿ, ಎರಡು ಉಂಡೆ ದಾರ ತರಿಸಿದೆ. ಫೋನಿನಲ್ಲಿ ಸಿಕ್ಕಿದ್ದೆಲ್ಲ ಹಿಂದಿ ವಿಡಿಯೊಗಳು. ಸೀಧಾ, ಉಲ್ಟಾ, ಫಂದಾ ಅಂದರೆ ಕುಣಿಕೆ, ಸಲಾಯಿ ಅಂದರೆ ಕಡ್ಡಿ. ಸೀದಾ ಅಂದರೆ ಮುಂಬದಿ ನೋಡುತ್ತಾ ಹಾಕುವ ಕುಣಿಕೆ, ಉಲ್ಟಾ ಅಂದರೆ ತಿರುಗಿಸಿ ಹಿಂಬದಿಯಲ್ಲಿ ವಾಪಸ್ ಬರುವಾಗ ಹಾಕುವುದು. ಹಿಂದಿ ಅರ್ಧ ಅರ್ಥವಾಗುತ್ತಿತ್ತು, ಕೈ ಮಾತ್ರ ಕಾಣುತ್ತಿತ್ತು, ಅದೂ ಆ ಹೆಂಗಸರ ಕೈ ಎಷ್ಟು ಬೇಗ ಓಡುತ್ತೆ ಅಂದರೆ ಒಂದು ಕುಣಿಕೆ ನೋಡಲು ಹತ್ತು ಸಲ ಹಿಂದೆ ಎಳೆಯಬೇಕು. ಸೀದಾ ಎರಡು ದಿನದಲ್ಲಿ ಬಂತು. ಉಲ್ಟಾಕ್ಕೆ ಎರಡು ವಾರ. ದಾರ ಎಲ್ಲಿಂದ ಸುತ್ತಬೇಕು ಅನ್ನುವುದೇ ಕಾಣುತ್ತಿರಲಿಲ್ಲ. ಹೇಗೋ ಒಂದು ದಿನ ಕೆಳಗಿನಿಂದ ಎಳೆದುಕೊಂಡೆ, ಸಲೀಸಾಗಿ ಬಂತು. ಅಬ್ಬಾ ಬಂತಲ್ಲ ಅಂತ ಅದನ್ನೇ ಹಿಡಿದುಕೊಂಡೆ.

ಒಂಟಿಯಾಗಿ ಕಲಿಯುವಾಗ ಹೀಗೇ. ಏನಾದರೂ ಎಡವಟ್ಟಾದರೆ ಅದು ನನ್ನ ಕೈಯದಾ, ಕಡ್ಡಿಯದಾ, ದಾರದ್ದಾ ಅಂತ ಹೇಳುವವರು ಯಾರೂ ಇಲ್ಲ. ಚಿಕ್ಕವಳಿಗೆ ಅಂತ ಹಾಕಿದ ಮೊದಲ ಸ್ವೆಟರ್ ಅವಳ ಗೊಂಬೆಗೆ ಸರಿಹೋಗುವಷ್ಟು ಚಿಕ್ಕದಾಯಿತು. ಅಮೆರಿಕದ ಮಾದರಿ ನೋಡಿ ಹಾಕಿದ್ದೆ, 8 ನಂಬರ್ ಕಡ್ಡಿ ಅಂತ ಇತ್ತು, ನನ್ನ ಹತ್ತಿರ 8 ನಂಬರ್ ಇತ್ತು. ಅಲ್ಲಿನ 8 ಅಂದರೆ 5 ಮಿ.ಮೀ. ನಾನು ಇಲ್ಲಿ ಕೊಂಡ ಕಡ್ಡಿಯ ಮೇಲಿರುವುದು ಹಳೆಯ ಬ್ರಿಟಿಷ್ ನಂಬರು, ಅದರಲ್ಲಿ 8 ಅಂದರೆ 4 ಮಿ.ಮೀ. ಅಲ್ಲಿ ನಂಬರ್ ಜಾಸ್ತಿಯಾದರೆ ಕಡ್ಡಿ ದಪ್ಪ, ಇಲ್ಲಿ ನಂಬರ್ ಜಾಸ್ತಿಯಾದರೆ ಕಡ್ಡಿ ಸಣ್ಣ. 10 ಅಂದರೆ 3.25, 12 ಅಂದರೆ 2.75. ಇದು ಗೊತ್ತಾಗಲು ನನಗೆ ಒಂದು ಇಡೀ ಸ್ವೆಟರ್ ಬಿಚ್ಚಬೇಕಾಯಿತು. ಪಕ್ಕದಲ್ಲಿ ಒಬ್ಬರಿದ್ದರೆ ಒಂದು ಮಾತಿನ ಕೆಲಸ.

ಇನ್ನೊಂದು ವಿಷಯ ಮೂರು ವರ್ಷ ತಲೆ ತಿಂದಿದೆ. ನಾನು ಹಾಕುವ ಟೋಪಿಗಳು ಚೆನ್ನಾಗಿ ಬರುತ್ತವೆ. ಮೆತ್ತಗೆ, ಎಳೆದರೆ ಹಿಗ್ಗುತ್ತವೆ, ಸಾಲು ಸಾಲಾಗಿ ಚಂದದ ಜಡೆ ಹಾಗೆ ಕಾಣುತ್ತವೆ. ಅದೇ ದಾರ, ಅದೇ ಕಡ್ಡಿ, ಮಫ್ಲರ್ ಹಾಕಿದರೆ ಬಿಗಿ. ಸ್ವೆಟರ್ ಹಾಕಿದರೆ ಬಿಗಿ. ಮನಸ್ಸು ಬಿಗಿಯಾದರೆ ಕೈ ಬಿಗಿಯಾಗುತ್ತೆ ಅಂತ ಒಂದು ವಿಡಿಯೊದಲ್ಲಿ ಹೇಳಿದ್ದರು. ಹಾಗಾದರೆ ಟೋಪಿ ಹಾಕುವಾಗ ನೆಮ್ಮದಿಯಾಗಿ, ಸ್ವೆಟರ್ ಹಾಕುವಾಗ ಚಿಂತೆಯಲ್ಲಿ ಇರುತ್ತೀನಾ ಅಂತ ನಿಜವಾಗಿ ಯೋಚಿಸಿದ್ದೆ.

ಬಿದಿರು ಮೆಳೆಯ ಹತ್ತಿರ ಚಾಪೆ ಹಾಸಿದ್ದರು. ಹುಲ್ಲು ಇನ್ನೂ ಹಸಿ. ಹನ್ನೊಂದು ಜನ ಇದ್ದರು, ಇಬ್ಬರು ಗಂಡಸರು. ನಾನು ಚಪ್ಪಲಿ ಬಿಟ್ಟು ಅಂಚಿನಲ್ಲಿ ಕೂತೆ. ಯಾರೂ ಹೆಸರು, ಊರು, ಕೆಲಸ ಅಂತ ಸಾಲಾಗಿ ಕೇಳಲಿಲ್ಲ. ಒಬ್ಬರು ಕಡಲೆಕಾಯಿ ಪೊಟ್ಟಣ ನನ್ನ ಕಡೆ ತಳ್ಳಿ, ಏನು ಹಾಕ್ತಾ ಇದ್ದೀರಿ ಅಂದರು. ಅಷ್ಟೇ. ನನಗೆ ಅಷ್ಟು ಸಾಕಾಯಿತು.

ಚಳ್ಳಕೆರೆ ಕಡೆಯ ಹುಡುಗನೊಬ್ಬ ಇದ್ದ, ಹೆಣೆಯುತ್ತಿರಲಿಲ್ಲ, ತಕಲಿ ತಿರುಗಿಸಿ ಕಪ್ಪು ಉಣ್ಣೆ ನೂಲುತ್ತಿದ್ದ. ನಮ್ಮ ದಖನಿ ಕುರಿಯ ಉಣ್ಣೆ. ಅವನ ಅಜ್ಜಿ ಕಂಬಳಿಗೆ ನೂಲುತ್ತಿದ್ದರಂತೆ, ಮಗ್ಗಕ್ಕೆ ಹಾಕುವ ಮುಂಚೆ ಹುಣಸೆ ಬೀಜದ ಗಂಜಿ ಹಚ್ಚುತ್ತಿದ್ದರಂತೆ. ಮುಟ್ಟಿ ನೋಡಿದೆ. ಒರಟು, ಕುರಿಯ ವಾಸನೆ. ನಾನು ಇಷ್ಟು ದಿನ ಉಲ್ಲನ್ ಉಲ್ಲನ್ ಅಂತ ಕೊಂಡಿದ್ದೆಲ್ಲ ಅಕ್ರಿಲಿಕ್, ಮೊದಲ ಸಲ ನಿಜವಾದ ಉಣ್ಣೆಯ ನೂಲು ಕೈಗೆ ಬಂತು. ಮೈಗೆ ಚುಚ್ಚುತ್ತೆ, ಸ್ವೆಟರಿಗೆ ಆಗಲ್ಲ, ಚೀಲ ಹಾಕಬಹುದು ಅಂದ.

ಅವನ ಪಕ್ಕದ ಹುಡುಗಿ ಹತ್ತಿ ದಾರದಲ್ಲಿ ಅಂಗೈಯಷ್ಟು ಗುಂಡಗಿನದು ಏನೋ ಹೆಣೆಯುತ್ತಿದ್ದಳು. ಮಗುವಿನ ಟೋಪಿಯಾ ಅಂತ ಕೇಳಿಬಿಟ್ಟೆ. ಅಲ್ಲ, ಕ್ಯಾನ್ಸರ್ ಆಗಿ ಸ್ತನ ತೆಗೆಸಿಕೊಂಡವರಿಗೆ, ಒಳಗೆ ಹಗುರವಾದ ಫೈಬರ್ ತುಂಬಿ ಕೊಡುತ್ತೀವಿ, ಬ್ರಾ ಒಳಗೆ ಇಟ್ಟುಕೊಳ್ಳುತ್ತಾರೆ, ಸಿಲಿಕೋನಿನದು ಭಾರ, ಸೆಕೆ, ದುಡ್ಡೂ ಜಾಸ್ತಿ ಅಂದಳು. ದುಡ್ಡು ತಗೊಳ್ಳಲ್ಲವಂತೆ. ನಾನು ಸುಮ್ಮನಾದೆ. ಅತ್ತೆ ಕೊನೆಯ ಎರಡು ವರ್ಷ ಸೆರಗನ್ನು ಹೇಗೆ ಹೊದ್ದುಕೊಳ್ಳುತ್ತಿದ್ದರು ಅಂತ ನೆನಪಾಯಿತು. ಕರವಸ್ತ್ರ ಮಡಿಸಿ ಇಟ್ಟುಕೊಳ್ಳುತ್ತಿದ್ದರು. ಅದು ಜಾರುತ್ತಿತ್ತು. ಆಗ ನನಗೆ ಕಡ್ಡಿ ಹಿಡಿಯಲೂ ಬರುತ್ತಿರಲಿಲ್ಲ.

ಮಾದರಿ ಕೊಡು ಅಂತ ಕೇಳಿದ್ದೀನಿ. ಮುಂದಿನ ವಾರ ತರುತ್ತಾಳೆ.

ಆಮೇಲೆ ಆ ಅಮ್ಮ. ಹುಬ್ಬಳ್ಳಿಯವರು, ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದವರು. ಎಪ್ಪತ್ತು ದಾಟಿರಬಹುದು. ಚಿಕ್ಕವರಿದ್ದಾಗ ಪಕ್ಕದ ಮನೆಯ ಪಂಜಾಬಿ ಹೆಂಗಸು ಕಲಿಸಿದ್ದಂತೆ, ಕಡ್ಡಿ ಕೊಳ್ಳಲು ದುಡ್ಡಿಲ್ಲದೆ ಸೈಕಲ್ ಚಕ್ರದ ತಂತಿ ಉಜ್ಜಿ ಅದರಲ್ಲೇ ಹಾಕಿದ್ದಂತೆ. ಕುಣಿಕೆಗೆ ಅವರು ಮನಿ ಅನ್ನುತ್ತಾರೆ. ಇವತ್ತು ನಲವತ್ತು ಮನಿ ಹಾಕೀನಿ, ಒಂದು ಮನಿ ಬಿತ್ತು, ಹೀಗೆ. ಕೇಳುತ್ತಾ ಕೇಳುತ್ತಾ ನನಗೂ ಅದೇ ಇಷ್ಟವಾಯಿತು.

ನನ್ನ ಮಫ್ಲರ್ ತಗೊಂಡರು. ಮೊದಲು ಹಿಗ್ಗಿಸಿದರು. ತಿರುಗಿಸಿ ಹಿಂಬದಿ ನೋಡಿದರು. ಕನ್ನಡಕ ಮೇಲೆ ಮಾಡಿ ತೀರಾ ಹತ್ತಿರ ಹಿಡಿದರು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

"ಇದನ್ನ ನಿನಗ ಯಾರು ಕಲಿಸ್ಯಾರ ತಂಗಿ?"

ಯಾರೂ ಇಲ್ಲ, ನಾನೇ ನೋಡಿ ಕಲಿತಿದ್ದು ಅಂದೆ.

"ಒಂದು ಸಾಲು ಬಿಟ್ಟು ಒಂದು ಸಾಲಿನಾಗ ಮನಿ ಕುತ್ತಿಗಿ ತಿರುವಿದಂಗ ಆಗೇದ. ಎಲ್ಲಿ, ಒಂದು ಸಾಲು ಹಾಕಿ ತೋರಿಸು."

ಹಾಕಿದೆ. ಸೀದಾ ಸಾಲು ಮುಗಿಯುವವರೆಗೂ ಸುಮ್ಮನಿದ್ದರು. ಉಲ್ಟಾ ಸಾಲಿನ ಮೂರನೇ ಕುಣಿಕೆಗೆ ನನ್ನ ಕೈ ಹಿಡಿದು ನಿಲ್ಲಿಸಿದರು. ದಾರ ಕಡ್ಡಿಯ ಮೇಲಿಂದ ಸುತ್ತಿ ಬರಬೇಕು, ನೀನು ಕೆಳಗಿನಿಂದ ಎಳೀತಿ. ಹಾಗೆ ಎಳೆದರೆ ಆ ಕುಣಿಕೆ ಕಡ್ಡಿಯ ಮೇಲೆ ಈ ಕಡೆ ಮುಖ ಮಾಡಿ ಕೂರುವ ಬದಲು ಆ ಕಡೆ ಮುಖ ಮಾಡಿ ಕೂರುತ್ತೆ. ಪ್ರತಿ ಕುಣಿಕೆಗೂ ಎರಡು ಕಾಲು, ಒಂದು ಕಡ್ಡಿಯ ಮುಂದೆ, ಒಂದು ಹಿಂದೆ. ತಿರುಗಿ ಕೂತ ಕುಣಿಕೆಗೆ ಮುಂದಿನ ಸಾಲಿನಲ್ಲಿ ಎಂದಿನಂತೆ ಮುಂದಿನ ಕಾಲಿಗೆ ಕಡ್ಡಿ ಹಾಕಿದರೆ, ಎರಡೂ ಕಾಲು ಒಂದರ ಮೇಲೊಂದು ತಿರುಚಿಕೊಂಡು ಬಿಗಿದುಕೊಳ್ಳುತ್ತವೆ. ಹಿಗ್ಗಲ್ಲ. ಅವರು ಇಷ್ಟು ಉದ್ದ ಹೇಳಲಿಲ್ಲ, ತಮ್ಮ ಕಡ್ಡಿಯಲ್ಲಿ ಎರಡು ಕುಣಿಕೆ ಹಾಕಿ ತೋರಿಸಿದರು, ಒಂದು ಕುಣಿಕೆ ಕಾಲು ಅಗಲಿಸಿಕೊಂಡು ನಿಂತಿತ್ತು, ಇನ್ನೊಂದು ಕುಣಿಕೆ ಕಾಲಿಗೆ ಕಾಲು ಹೆಣೆದುಕೊಂಡು ನಿಂತಿತ್ತು.

ಆಗ ಟೋಪಿ ನೆನಪಾಯಿತು! ಟೋಪಿ ಸುತ್ತಲೂ ಹಾಕುವುದು, ತಿರುಗಿಸಿ ವಾಪಸ್ ಬರುವ ಮಾತೇ ಇಲ್ಲ, ನಾನು ಹಾಕುವ ಟೋಪಿ ಬುಡದಿಂದ ತುದಿವರೆಗೂ ಬರೀ ಸೀದಾ, ಅಂಚು ತಾನಾಗಿ ಸುರುಳಿ ಸುತ್ತಿಕೊಳ್ಳುವಂಥದ್ದು. ಅದರಲ್ಲಿ ಉಲ್ಟಾ ಇಲ್ಲವೇ ಇಲ್ಲ. ಅದಕ್ಕೇ ಅದು ಸರಿ ಬರುತ್ತಿತ್ತು. ಮನಸ್ಸು ಅಲ್ಲ, ಚಿಂತೆ ಅಲ್ಲ. ನಾನು ಇದನ್ನು ಜೋರಾಗಿ ಹೇಳಿದೆ ಅಂತ ಕಾಣುತ್ತೆ, ಎಲ್ಲರೂ ತಿರುಗಿ ನೋಡಿದರು. ಆ ಅಮ್ಮ ನಕ್ಕರು. ನನಗೆ ಕಣ್ಣಲ್ಲಿ ನೀರು ಬಂತು, ಯಾಕೆ ಅಂತ ಈಗಲೂ ಗೊತ್ತಿಲ್ಲ. ಮೂರು ವರ್ಷದ ಗಂಟು ಎರಡು ನಿಮಿಷದಲ್ಲಿ ಬಿಚ್ಚಿತು ಅಂತಾನಾ, ಮೂರು ವರ್ಷ ಬೇಕಾಯಿತಲ್ಲ ಅಂತಾನಾ.

ಇನ್ನು ಕೈ ಬದಲಿಸಿಕೊಳ್ಳಬೇಕು ಅಂತ ನಾನು ಶುರು ಮಾಡಿದೆ. ಅವರು ತಡೆದರು.

"ಕೈ ಬದಲಿ ಮಾಡಬ್ಯಾಡ. ಮೂರು ವರ್ಷ ಓಡಿದ ಕೈ ಅದು. ಉಲ್ಟಾ ನಿನ್ನಂಗೇ ಹಾಕು. ಸೀದಾ ಬಂದಾಗ ಅಷ್ಟ ಹಿಂದಿನ ಕಾಲಿಗೆ ಹಾಕು. ಮನಿ ತಾನ ನೆಟ್ಟಗ ಆಗತದ."

ಹಾಗೂ ಹೆಣೆಯುತ್ತಾರಂತೆ. ಅದೂ ಒಂದು ಪದ್ಧತಿಯೇ ಅಂತೆ. ಅಲ್ಲೇ ಕೂತು ಎಂಟು ಸಾಲು ಹಾಕಿದೆ. ಆ ಎಂಟು ಸಾಲು ಮಫ್ಲರಿನ ತುದಿಯಲ್ಲಿ ಹಾಗೇ ಇದೆ, ಕತ್ತಲಲ್ಲಿ ಬೆರಳಿನಿಂದ ಮುಟ್ಟಿದರೂ ಎಲ್ಲಿಂದ ಶುರುವಾಗುತ್ತೆ ಅಂತ ಗೊತ್ತಾಗುತ್ತೆ, ಅಷ್ಟು ಮೆತ್ತಗಿದೆ. ಕೆಳಗಿನದನ್ನು ಬಿಚ್ಚಲಾ ಬೇಡವಾ ಅಂತ ಮೆಟ್ರೊದಲ್ಲಿ ಅದನ್ನೇ ನೋಡುತ್ತಿದ್ದೆ. ಅತ್ತಿಗುಪ್ಪೆ ಬಂದಿದ್ದು ಹಾಗೆ.

ಆದರೆ ಈಗ ರಾತ್ರಿ ಬರೆಯಲು ಕೂತಿರುವುದು ಮಫ್ಲರಿಗಲ್ಲ.

ಎಂಟು ಗಂಟೆಗೆ ಊರಿಗೆ ಫೋನ್ ಮಾಡಿದೆ. 2022ರಲ್ಲಿ ಅಪ್ಪನಿಗೆ ಬೂದು ಬಣ್ಣದ ತೋಳಿಲ್ಲದ ಸ್ವೆಟರ್ ಹಾಕಿ ಕೊಟ್ಟಿದ್ದೆನಲ್ಲ, 10 ನಂಬರ್ ಕಡ್ಡಿ, 112 ಕುಣಿಕೆ, ನಾಲ್ಕು ತಿಂಗಳು. ಅದರ ಕುತ್ತಿಗೆ ಪಟ್ಟಿಯಲ್ಲಿ ಒಂದು ಸೀದಾ ಒಂದು ಉಲ್ಟಾ, ಎಲ್ಲಕ್ಕಿಂತ ಜಾಸ್ತಿ ಹಿಗ್ಗಬೇಕಾದ ಜಾಗ ಅದು. ಅಪ್ಪಾ ಆ ಸ್ವೆಟರಿನ ಕುತ್ತಿಗೆ ಬಿಗಿಯಾಗುತ್ತಾ ಅಂತ ಕೇಳಿದೆ. ಇಲ್ಲಮ್ಮ, ಚೆನ್ನಾಗಿದೆ, ಈಗಲೂ ಹಾಕಿಕೊಂಡೇ ಇದ್ದೀನಿ, ಇಲ್ಲಿ ಚಳಿ ಶುರುವಾಯ್ತು ಅಂದರು. ಆಮೇಲೆ ಅಡಿಕೆ ಕೊಯ್ಲಿಗೆ ಆಳು ಸಿಗದ ವಿಷಯ, ಮಳೆ ಬಂದು ಒಣಗಿಸಲು ಆಗದ ವಿಷಯ. ಫೋನ್ ಅಮ್ಮನ ಕೈಗೆ ಹೋಯಿತು. ಅಮ್ಮನಿಗೂ ಅದನ್ನೇ ಕೇಳಿದೆ.

ಅಮ್ಮ ಒಂದು ಕ್ಷಣ ಸುಮ್ಮನಿದ್ದು ಹೇಳಿದಳು. ಮೊದಲ ದಿನವೇ ತಲೆ ತೂರಲಿಲ್ಲವಂತೆ. ಕಿವಿ ಕೆಂಪಾಯಿತಂತೆ. ಅಮ್ಮ ಎಡ ಭುಜದ ಹೊಲಿಗೆ ಬಿಚ್ಚಿ, ಅಂಚಿಗೆ ಬಟ್ಟೆ ಕೊಟ್ಟು, ಮೂರು ಟಿಚ್ ಬಟನ್ ಹಾಕಿದ್ದಾಳೆ. ಎರಡು ವರ್ಷದಿಂದ ಅಪ್ಪ ಹಾಗೇ ಹಾಕಿಕೊಳ್ಳುತ್ತಿದ್ದಾರೆ. ನಾವು ಊರಿಗೆ ಹೋದಾಗೆಲ್ಲ ಅದರ ಮೇಲೆ ಶಾಲು ಹೊದ್ದಿರುತ್ತಿದ್ದರು. ಶಾಲು ಯಾಕಪ್ಪಾ, ಸ್ವೆಟರ್ ಇದೆಯಲ್ಲ ಅಂತ ನಾನೇ ಒಂದು ಸಲ ಕೇಳಿದ್ದೆ. ಅಭ್ಯಾಸ ಅಂದಿದ್ದರು.

ನನಗೆ ಯಾಕೆ ಹೇಳಲಿಲ್ಲ ಅಂದೆ. "ನೀನು ಅಷ್ಟು ಖುಷಿಯಲ್ಲಿ ಕಳಿಸಿದ್ದೆ" ಅಂದಳು.

ಇದನ್ನು ಹೇಗೆ ತಗೊಳ್ಳಬೇಕೋ ಗೊತ್ತಾಗುತ್ತಿಲ್ಲ. ಸಿಟ್ಟು ಬಂತು ಸ್ವಲ್ಪ. ಹೇಳಿದ್ದರೆ ಆಗಲೇ ಬಿಚ್ಚಿ ಮತ್ತೆ ಹಾಕುತ್ತಿದ್ದೆ, ಆಗಲೇ ಯಾರನ್ನಾದರೂ ಹುಡುಕಿಕೊಂಡು ಹೋಗಿ ಕೇಳುತ್ತಿದ್ದೆ. ಸಿಟ್ಟು ನಿಲ್ಲಲೂ ಇಲ್ಲ. ಅಮ್ಮ ದೀಪದ ಕೆಳಗೆ ಕೂತು ಆ ಹೊಲಿಗೆ ಬಿಚ್ಚುತ್ತಿರುವುದು, ಅಪ್ಪ ಪಕ್ಕದಲ್ಲಿ ನಿಂತು ಹುಷಾರು ದಾರ ಬಿಟ್ಟುಕೊಂಡೀತು ಅನ್ನುತ್ತಿರುವುದು, ಅದೇ ಕಣ್ಣ ಮುಂದೆ.

ಅದನ್ನು ಕೊರಿಯರ್‌ನಲ್ಲಿ ಕಳಿಸು, ಪೂರ್ತಿ ಬಿಚ್ಚಿ ಸರಿಯಾಗಿ ಹಾಕಿ ಕೊಡುತ್ತೀನಿ ಅಂದೆ. ಹಿಂದಿನಿಂದ ಅಪ್ಪನ ದನಿ ಕೇಳಿಸಿತು, "ಚಳಿಗಾಲ ಮುಗೀಲಿ, ಈಗ ಕೊಡಲ್ಲ ಅಂತ ಹೇಳು."

ಹಾಗಾದರೆ ಹೊಸದು ಶುರು ಮಾಡುತ್ತೀನಿ. ಈ ಸಲ ಮೊದಲು ನಾಲ್ಕು ಇಂಚಿನ ತುಂಡು ಹಾಕಿ ಅಳತೆ ನೋಡಿ, ಅದನ್ನು ಆ ಅಮ್ಮನಿಗೆ ತೋರಿಸಿ ಆಮೇಲೆ. ದಾರ ತರಲು ಬುಧವಾರ ಅವೆನ್ಯೂ ರಸ್ತೆಗೆ ಹೋಗಬೇಕು, ರಾಜಾ ಮಾರ್ಕೆಟ್ಟಿನಲ್ಲಿ. ಬಣ್ಣ ಯಾವುದು ಅಂತ ಅಪ್ಪನನ್ನು ಕೇಳಲು ಮರೆತೆ. ಅದೇ ಬೂದು ತರಲಾ, ಇಲ್ಲ ಆ ಹುಡುಗನ ತಕಲಿಯಲ್ಲಿ ಇತ್ತಲ್ಲ ಆ ಕಪ್ಪು, ಅಂಥದ್ದೇ ಬಣ್ಣ ಮೆತ್ತಗಿನ ದಾರದಲ್ಲಿ ಸಿಕ್ಕಿದರೆ...